ಎರಡು ಗಂಟೆಯ ನಾಡಿ

ಹುಚ್ಚಮ್ಮ ಸತ್ತ ಮೇಲೂ ಅವಳ ನಾಡಿ ನಿಮಿಷಕ್ಕೆ ಎಪ್ಪತ್ತೆಂಟು ಸಲ ಬಡಿಯುತ್ತಿತ್ತು. ಆಸ್ಪತ್ರೆಯ ಚಾರ್ಟಿನಲ್ಲಿ ಹಾಗೆಂದು ಬರೆದಿದೆ. ಬರೆದವಳು ಹೇಮಾಶ್ರೀ.

ಮಧ್ಯಾಹ್ನ ಎರಡು ಗಂಟೆಯ ಕಲಂನಲ್ಲಿ ಆ ಎಪ್ಪತ್ತೆಂಟು ಕೂತಿದೆ. ಹನ್ನೆರಡು ಗಂಟೆಯದರಲ್ಲಿ ಎಂಬತ್ತು. ಹತ್ತು ಗಂಟೆಯದರಲ್ಲಿ ಎಂಬತ್ತೆರಡು. ನೋಡಿದವರಿಗೆ ಮುದುಕಿ ಗಂಟೆಗಂಟೆಗೂ ಚೇತರಿಸಿಕೊಳ್ಳುತ್ತಿದ್ದಳು ಅನ್ನಿಸಬೇಕು. ಮೂರು ಸಾಲನ್ನೂ ಹೇಮಾಶ್ರೀ ಬೆಳಿಗ್ಗೆ ಒಂಬತ್ತೂವರೆಗೇ ನಿಂತ ಕಾಲಲ್ಲಿ ಬರೆದು ಮುಗಿಸಿದ್ದಳು. ಹುಚ್ಚಮ್ಮನದು ಮಾತ್ರವಲ್ಲ, ವಾರ್ಡಿನ ಮೂವತ್ತನಾಲ್ಕು ಹಾಸಿಗೆಯದೂ.

ಅರಸೀಕೆರೆ ಊರಾಚೆಯ ಆ ಟ್ರಸ್ಟ್ ಆಸ್ಪತ್ರೆಯಲ್ಲಿ ಇದಕ್ಕೊಂದು ಹೆಸರಿತ್ತು. ಅಡ್ವಾನ್ಸ್ ಹಾಕುವುದು. ಒಂದು ವಾರ್ಡಿಗೆ ಒಬ್ಬಳೇ ನರ್ಸ್. ಸೂಜಿ ಹಾಕುವವಳು ಅವಳೇ, ಡ್ರಿಪ್ ಏರಿಸುವವಳು ಅವಳೇ, ಗಾಯ ಕಟ್ಟುವವಳು, ಡಾಕ್ಟರ ಹಿಂದೆ ಓಡುವವಳು, ಆಯಾ ಬಾರದ ದಿನ ಹೇಲುಚ್ಚೆ ಬಳಿಯುವವಳು ಅವಳೇ. ಎರಡೆರಡು ಗಂಟೆಗೆ ಮೂವತ್ತನಾಲ್ಕು ಕೈ ಹಿಡಿದು ನಾಡಿ ಎಣಿಸುವುದು ಆಗುವ ಹೋಗುವ ಮಾತಲ್ಲ. ಆದರೆ ಚಾರ್ಟು ಖಾಲಿ ಇರುವಂತಿಲ್ಲ. ಹೇಮಾಶ್ರೀ ಕೆಲಸಕ್ಕೆ ಸೇರಿದ ಮೊದಲ ವಾರವೇ ಹಿರಿಯ ನರ್ಸ್ ಕಾಂತಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟಿದ್ದಳು.

"ಒಂದೇ ನಂಬರ್ ಬರೀಬೇಡ ಕಣೇ, ಅನುಮಾನ ಬರುತ್ತೆ. ಎರಡೆರಡು ಕಮ್ಮಿ ಮಾಡ್ತಾ ಹೋಗು. ಡಾಕ್ಟ್ರಿಗೂ ಖುಷಿ, ಮನೇವ್ರಿಗೂ ಖುಷಿ."

ಕಾಂತಮ್ಮ ಹಗರೆಯವಳು. ಇಪ್ಪತ್ತೆರಡು ವರ್ಷ ಅದೇ ಆಸ್ಪತ್ರೆಯಲ್ಲಿ ನಿಂತು ನಿಂತು ಅವಳ ಪಾದ ಊದಿಕೊಂಡಿದ್ದವು. ಚಪ್ಪಲಿಯ ಪಟ್ಟಿ ಕತ್ತರಿಸಿ ದಾರ ಕಟ್ಟಿಕೊಂಡಿದ್ದಳು. ಟ್ರಸ್ಟಿನದೇ ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುವವಳೂ ಅವಳೇ. ಹೇಮಾಶ್ರೀ ಅಲ್ಲೇ ಮೂರು ವರ್ಷ ಓದಿದ್ದು. ಅವಳನ್ನು ಅಕ್ಕಾ ಎಂದು ಕರೆಯುತ್ತಿದ್ದಳು. ಬಾಯಿಮಾತಿಗಲ್ಲ, ನಂಬಿ ಕರೆಯುತ್ತಿದ್ದಳು.

ಆ ಶಾಲೆಯಲ್ಲಿ ಒಂದು ಬೊಂಬೆಯಿತ್ತು. ಅದಕ್ಕೆ ಸೂಜಿ ಹಾಕಿ, ಡ್ರಿಪ್ ಏರಿಸಿ ಮಕ್ಕಳು ಕಲಿಯಬೇಕು. ಮೇಲಿನ ಪ್ಲಾಸ್ಟಿಕ್ ಹಾಳೆ ತೆಗೆಯಲು ಬಿಡುತ್ತಿರಲಿಲ್ಲ. ತಪಾಸಣೆಯವರು ಬಂದಾಗ ಹೊಸದಾಗಿ ಕಾಣಬೇಕಲ್ಲ. ಇಪ್ಪತ್ತು ಹೆರಿಗೆ ನೋಡಿದ್ದೇನೆ ಎಂದು ಹೇಮಾಶ್ರೀಯ ರೆಕಾರ್ಡ್ ಪುಸ್ತಕ ಹೇಳುತ್ತದೆ. ಅವಳು ನೋಡಿದ್ದು ಒಂದು. ಅದೂ ಐವರು ಹುಡುಗಿಯರ ಬೆನ್ನ ಹಿಂದಿನಿಂದ. ಮಿಕ್ಕ ಹತ್ತೊಂಬತ್ತನ್ನು ಹಿಂದಿನ ವರ್ಷದವರ ಪುಸ್ತಕ ನೋಡಿ ಬರೆದಳು. ಎಲ್ಲರೂ ಹಾಗೆಯೇ ಬರೆದರು. ಕಾಂತಮ್ಮ ಸಹಿ ಹಾಕಿದಳು.

ಒಂದು ಕೆಲಸವನ್ನು ಮಾತ್ರ ಹೇಮಾಶ್ರೀಗೆ ಕೈಹಿಡಿದು ಕಲಿಸಿದರು. ಹೆಣದ ಕೆಲಸ. ವಾರ್ಡಿನಲ್ಲಿ ಯಾರಾದರೂ ಹೋದರೆ ಕ್ಲಾಸಿನ ಬಾಗಿಲಿಗೆ ಬಂದು ಕಾಂತಮ್ಮ ಅವಳ ಹೆಸರು ಕೂಗುತ್ತಿದ್ದಳು. ಕಣ್ಣು ಮುಚ್ಚುವುದು, ದವಡೆಗೆ ಪಟ್ಟಿ ಕಟ್ಟುವುದು, ಮೈ ಒರೆಸುವುದು, ಹತ್ತಿ ತುರುಕುವುದು, ಹೆಬ್ಬೆರಳು ಜೋಡಿಸಿ ಬಿಗಿಯುವುದು. ಮೂರು ವರ್ಷದಲ್ಲಿ ನಲವತ್ತೊಂದು ಹೆಣ. ತಡವಾಗಿ ಕರೆದರೆ ದವಡೆ ಕೂರುತ್ತಿರಲಿಲ್ಲ. ಮೊದಲು ದವಡೆ ಬಿಗಿಯುತ್ತದೆ, ಆಮೇಲೆ ಕತ್ತು, ಆಮೇಲೆ ತೋಳು. ಹೋಗಿ ಎಷ್ಟು ಹೊತ್ತಾಯಿತೆಂದು ಅವಳ ಬೆರಳಿಗೆ ತಿಳಿಯುತ್ತಿತ್ತು.

"ನಿಂಗೆ ಧೈರ್ಯ ಜಾಸ್ತಿ ಕಣೇ" ಎನ್ನುತ್ತಿದ್ದಳು ಕಾಂತಮ್ಮ. ಹೇಮಾಶ್ರೀ ಅದನ್ನು ಊರಿಗೆ ಹೋದಾಗ ಅವ್ವನ ಹತ್ತಿರ ಹೇಳಿಕೊಂಡಿದ್ದಳು. ಹೆಮ್ಮೆಯಿಂದ.

ಅವಳ ಊರು ಗಂಡಸಿ ಪಕ್ಕದ್ದು. ಊರೆಂದರೆ ಊರಲ್ಲ, ಊರಿಂದಾಚೆಗಿನ ಕೇರಿ. ಆ ಕೇರಿಯ ಕೊನೆಯ ಮನೆ ಹುಚ್ಚಮ್ಮನದು. ಒಂದೇ ಕೋಣೆ, ಮೇಲೆ ಶೀಟು. ಮಗ ರಾಮಣ್ಣ, ಸೊಸೆ, ಇಬ್ಬರು ಮೊಮ್ಮಕ್ಕಳು, ಒಂದು ಹಸು. ಹುಚ್ಚಮ್ಮನ ಕಾಲು ಬಾತು ಉಸಿರು ಹತ್ತಿದಾಗ ರಾಮಣ್ಣ ಹಾಸನದ ದೊಡ್ಡಾಸ್ಪತ್ರೆಗೆ ಕರೆದೊಯ್ಯುವ ಯೋಚನೆಯಲ್ಲಿದ್ದ. ಹೇಮಾಶ್ರೀಯೇ ಫೋನಿನಲ್ಲಿ ಬೇಡವೆಂದಳು. ಅಲ್ಲಿ ಕೇಳುವವರು ಯಾರಿರುತ್ತಾರೆ, ಇಲ್ಲಾದರೆ ನಾನಿದ್ದೇನೆ ಅಂದಳು. ಹುಚ್ಚಮ್ಮ ಆಟೋ ಇಳಿದವಳು ಬಿಳಿ ಬಟ್ಟೆಯ ಹೇಮಾಶ್ರೀಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಮ್ಮುಡುಗಿ ಅವಳೆ ಅಂತ್ಲೇ ಬಂದಿವ್ನಿ. ನೀನು ಕೈ ಹಿಡ್ಕಂಡ್ರೆ ನಂಗೆ ಏನೂ ಆಗಾಕಿಲ್ಲ."

ಅದು ಶನಿವಾರ. ಸೋಮವಾರ ನರ್ಸಿಂಗ್ ಶಾಲೆಗೆ ತಪಾಸಣೆ ಇತ್ತು.

ತಪಾಸಣೆಯೆಂದರೆ ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತು. ಶಾಲೆಯಲ್ಲಿ ಹನ್ನೊಂದು ಜನ ಟೀಚರುಗಳಿರಬೇಕು. ಇರುವುದು ಇಬ್ಬರು. ಉಳಿದ ಒಂಬತ್ತು ಕುರ್ಚಿಗೆ ವಾರ್ಡಿನ ನರ್ಸುಗಳನ್ನು ಸೀರೆ ಉಡಿಸಿ ಕೂರಿಸುತ್ತಾರೆ. ಸೀರೆ ಆಫೀಸಿನ ಬೀರುವಿನಲ್ಲೇ ಇರುತ್ತವೆ. ಹೇಮಾಶ್ರೀಗೆ ಈ ಸಲ ಸಮುದಾಯ ಆರೋಗ್ಯದ ಪಾಠ. ಆಡಳಿತ ನೋಡಿಕೊಳ್ಳುವ ಅರುಣ್‌ಕುಮಾರ್ ಹಿಂದಿನ ದಿನವೇ ಪ್ರಶ್ನೆ ಉತ್ತರದ ಹಾಳೆ ಕೊಟ್ಟು ಬಾಯಿಪಾಠ ಮಾಡಿಕೊಂಡು ಬಾ ಅಂದಿದ್ದ. ವಾರ್ಡಿನಲ್ಲಿ ಗಲಾಟೆ ಕಾಣಬಾರದೆಂದು ರೋಗಿಗಳ ಮನೆಯವರನ್ನೆಲ್ಲ ಬೆಳಿಗ್ಗೆಯೇ ಗೇಟಿನಿಂದ ಹೊರಗೆ ಹಾಕಿದರು. ರಾಮಣ್ಣನ ಕೈಯಲ್ಲಿ ಅವ್ವನಿಗೆಂದು ತಂದ ರಾಗಿ ಗಂಜಿಯ ಡಬ್ಬಿಯಿತ್ತು. ಅದನ್ನೂ ಬಿಡಲಿಲ್ಲ. ಡಬ್ಬಿ ತಬ್ಬಿಕೊಂಡು ಗೇಟಿನ ಹೊರಗೆ ಹೊಂಗೆಮರದ ಕೆಳಗೆ ಕೂತ.

ಒಂಬತ್ತೂವರೆಗೆ ಹೇಮಾಶ್ರೀ ಹುಚ್ಚಮ್ಮನಿಗೆ ಡ್ರಿಪ್ ಏರಿಸಿದಳು. ತುಂಬ ನಿಧಾನ ಹೋಗಬೇಕು, ಉಸಿರು ನೋಡುತ್ತಿರಬೇಕು ಎಂದು ಡಾಕ್ಟರು ಬರೆದಿದ್ದರು. ನಿಮಿಷಕ್ಕೆ ಎಷ್ಟು ಹನಿ ಎಂದು ಗಡಿಯಾರ ಹಿಡಿದು ಎಣಿಸಬೇಕು. ಅದು ಪುಸ್ತಕದಲ್ಲಿದೆ. ಹೇಮಾಶ್ರೀ ಕಲಿತದ್ದು ಕಣ್ಣಳತೆ. ಕಣ್ಣಳತೆಯಲ್ಲೇ ತಿರುಗಿಸಿ ಬಿಟ್ಟಳು. ಮೂವತ್ತನಾಲ್ಕು ಚಾರ್ಟಿಗೆ ಎರಡು ಗಂಟೆಯವರೆಗೂ ಅಡ್ವಾನ್ಸ್ ಹಾಕಿದಳು. ಹೊರಡುವಾಗ ಹುಚ್ಚಮ್ಮ ಸೆರಗು ಹಿಡಿದಳು. ಬಿಳಿ ಬಟ್ಟೆಯ ಹುಡುಗಿ ಹಸಿರು ಸೀರೆಯಲ್ಲಿದ್ದುದು ಅವಳಿಗೆ ಚೆಂದ ಕಂಡಿತ್ತು.

"ಮದುವೆಗೆ ಹೊಂಟೆಯಾ?"

"ಇಲ್ಲೇ ಪಕ್ಕಕ್ಕೆ ಅಜ್ಜಿ. ಬತ್ತೀನಿ."

ಹೇಮಾಶ್ರೀ ನಾಲ್ಕು ಗಂಟೆ ಹೊತ್ತು ಕುರ್ಚಿಯ ಮೇಲೆ ಕೂತಳು. ಕೆಲಸಕ್ಕೆ ಸೇರಿದ ಮೇಲೆ ಹಗಲು ಹೊತ್ತಿನಲ್ಲಿ ಅಷ್ಟು ಕೂತದ್ದು ಅದೇ ಮೊದಲು. ಪಕ್ಕದ ಕುರ್ಚಿಯಲ್ಲಿ ಕಾಂತಮ್ಮ, ಟೀಚರುಗಳ ಪಟ್ಟಿಯಲ್ಲಿ ಅವಳು ಉಪಪ್ರಾಂಶುಪಾಲೆ. ತಪಾಸಣೆಗೆ ಬಂದಿದ್ದ ಹೆಂಗಸು ಮರ್ಯಾದಸ್ಥಳು. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಹೇಮಾಶ್ರೀಯನ್ನು ಒಂದೇ ಪ್ರಶ್ನೆ ಕೇಳಿದಳು. ಸಾಮಾನ್ಯ ವಾರ್ಡಿನಲ್ಲಿ ಎಷ್ಟು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂದು ಮಕ್ಕಳಿಗೆ ಹೇಳಿಕೊಡುತ್ತೀರಿ?

"ಆರು ಜನಕ್ಕೆ ಒಬ್ಬರು ಮೇಡಂ."

ಸರಿಯಾದ ಉತ್ತರ. ಬಾಯಿಪಾಠ ಮಾಡಿದ್ದು ತಪ್ಪಲಿಲ್ಲ. ಆ ಹೊತ್ತಿನಲ್ಲಿ ಗೋಡೆಯಾಚೆಗೆ ಮೂವತ್ತನಾಲ್ಕು ಜನಕ್ಕೆ ಸಾವಿತ್ರಮ್ಮ ಎಂಬ ಆಯಾ ಒಬ್ಬಳಿದ್ದಳು. ಅವಳ ಕೈಯಲ್ಲಿ ಕಸಬರಿಕೆಯಿತ್ತು.

ಎರಡು ಇಪ್ಪತ್ತಕ್ಕೆ ಹೇಮಾಶ್ರೀ ವಾರ್ಡಿಗೆ ಬಂದಳು. ಸೀರೆ ಬಿಚ್ಚಿರಲಿಲ್ಲ. ಹುಚ್ಚಮ್ಮ ಗೋಡೆಯ ಕಡೆ ಮುಖ ಮಾಡಿದ್ದಳು. ಡ್ರಿಪ್ಪಿನ ಬಾಟಲಿ ಒಣಗಿ ಒಳಕ್ಕೆ ಹೀರಿಕೊಂಡಿತ್ತು. ಸಂಜೆಯವರೆಗೆ ಬರಬೇಕಾದ ಬಾಟಲಿ. ಅದು ಅಷ್ಟು ಬೇಗ ಮೈಗೆ ಹರಿದದ್ದೇ ಕೊಂದಿತೋ, ಹೃದಯ ತಾನಾಗಿ ನಿಂತಿತೋ ಹೇಮಾಶ್ರೀಗೆ ಗೊತ್ತಿಲ್ಲ. ಗೊತ್ತಾಗುವಷ್ಟು ಅವಳಿಗೆ ಕಲಿಸಿರಲಿಲ್ಲ. ಕಲಿಸಿದ್ದು ಇನ್ನೊಂದು. ಗಲ್ಲ ಮುಟ್ಟಿದಳು. ತಣ್ಣಗಿತ್ತು. ದವಡೆ ಬಿಗಿದಿತ್ತು. ಕತ್ತು ಬಿಗಿಯಲು ಶುರುವಾಗಿತ್ತು. ಎರಡು ಗಂಟೆಗಿಂತ ಕಡಿಮೆಯಲ್ಲ ಎಂದವು ಅವಳ ಬೆರಳು.

ಸಾವಿತ್ರಮ್ಮ ಹಿಂದೆ ಬಂದು ನಿಂತಳು. ನಮ್ಮುಡುಗಿ ಎಲ್ಲಿ, ನಮ್ಮುಡುಗಿ ಎಲ್ಲಿ ಎಂದು ಮುದುಕಿ ಬಹಳ ಹೊತ್ತು ಕೇಳುತ್ತಿತ್ತಂತೆ. ಆಮೇಲೆ ಸುಮ್ಮನಾಯಿತಂತೆ. ನಿದ್ದೆ ಹತ್ತಿತೆಂದು ಅವಳು ಆಚೆ ಸಾಲಿಗೆ ಕಸ ಹೊಡೆಯಲು ಹೋಗಿದ್ದಳಂತೆ.

ಕಾಂತಮ್ಮ ಬಂದಳು. ಒಂದು ಸಲ ನೋಡಿದಳು. ಹಾಸಿಗೆಯ ಸುತ್ತ ಪರದೆ ಎಳೆದಳು.

"ಒತ್ತು."

"ಅಕ್ಕಾ, ದವಡೆ ಬಿಗಿದೈತೆ."

"ನಂಗೆ ಕಾಣ್ತಿಲ್ವಾ? ಒತ್ತು. ಮಗನ್ನ ಒಳಗೆ ಬಿಟ್ಟವ್ರೆ."

ಹೇಮಾಶ್ರೀ ಹಾಸಿಗೆಯ ಮೇಲೆ ಮಂಡಿಯೂರಿ ಹೆಣದ ಎದೆ ಒತ್ತಿದಳು. ಒತ್ತಿ ಬಿಟ್ಟು, ಒತ್ತಿ ಬಿಟ್ಟು. ಪಕ್ಕೆಲುಬು ಕಟಕ್ಕೆಂದದ್ದು ಅಂಗೈಗೆ ತಿಳಿಯಿತು. ಹಸಿರು ಸೀರೆಯ ನೆರಿಗೆ ಬಿಚ್ಚಿಹೋಯಿತು. ಪರದೆಯ ಸಂದಿಯಲ್ಲಿ ರಾಮಣ್ಣ ನಿಂತಿದ್ದ. ಗಂಜಿಯ ಡಬ್ಬಿಯನ್ನು ನೆಲಕ್ಕಿಟ್ಟು ಎರಡೂ ಕೈ ಜೋಡಿಸಿ ಹೇಮಾಶ್ರೀಗೆ ಮುಗಿಯುತ್ತಿದ್ದ. ಬಿಡಬೇಡ ಎಂಬಂತೆ. ಅವಳು ಬಿಡಲಿಲ್ಲ. ಎರಡು ಮೂವತ್ತೈದಕ್ಕೆ ಡಾಕ್ಟರು ಬಂದು ಟೈಮು ಬರೆದರು.

ಆ ಸಂಜೆಯೇ ಮಣ್ಣಾಯಿತು.

ಮಂಗಳವಾರ ಬೆಳಿಗ್ಗೆ ರಾಮಣ್ಣ ಮತ್ತೆ ಆಸ್ಪತ್ರೆಗೆ ಬಂದ. ದೂರು ಹೇಳಲಿಕ್ಕಲ್ಲ. ಅವನಿಗೆ ಗಳಿಗೆ ಬೇಕಿತ್ತು. ಪಂಚಾಂಗ ನೋಡುವ ಏಕಾಂತಯ್ಯ ಕೇಳಿದ್ದರಂತೆ, ಪ್ರಾಣ ಹೋದದ್ದು ಎಷ್ಟು ಹೊತ್ತಿಗೆ? ಸೋಮವಾರ ಮಧ್ಯಾಹ್ನ ಒಂದು ಹತ್ತಕ್ಕೆ ನಕ್ಷತ್ರ ಬದಲಾಗಿದೆ. ಅದಕ್ಕೆ ಮೊದಲೇ ಹೋಗಿದ್ದರೆ ತೊಂದರೆಯಿಲ್ಲ. ಆಮೇಲೆ ಹೋಗಿದ್ದರೆ ಕೆಟ್ಟ ನಕ್ಷತ್ರ. ಮನೆ ಬಿಟ್ಟು, ಬಾಗಿಲಿಗೆ ಮುಳ್ಳು ಹಾಕಿ, ಮೂರು ತಿಂಗಳು ಹೊರಗಿರಬೇಕು. ಆಸ್ಪತ್ರೆಯ ಕಾಗದದಲ್ಲಿ ಎರಡು ಮೂವತ್ತೈದು ಎಂದಿತ್ತು.

"ಪಾಪು ಇನ್ನೂ ಎಂಟು ತಿಂಗ್ಳು ಕಣವ್ವ. ಬಯಲಾಗೆ ಟಾರ್ಪಾಲ್ ಕಟ್ಕಂಡು ಹೆಂಗಿರಾದು? ಅದ್ಕೇ ಒಂದ್ಮಾತು ಕೇಳಿ ಹೋಗಾನ ಅಂತ ಬಂದೆ. ನೀನು ಹತ್ರ ಇದ್ದೋಳು. ಕಾಗ್ದದಾಗಿರಾದು ನಿಜಾನಾ?"

ಹೇಮಾಶ್ರೀಯ ಬೆರಳಿಗೆ ನಿಜ ಗೊತ್ತಿತ್ತು. ಬಾಯಿ ಮಾತ್ರ ಕಾಗದದಲ್ಲಿರುವುದೇ ಸರಿ ಎಂದಿತು. ರಾಮಣ್ಣ ತಲೆಯಾಡಿಸಿದ. ನಾಳೆ ಹಾಲುತುಪ್ಪ, ಬೇಗ ಬಾ ಅಂದ. ಹೋಗುವಾಗ ಆಫೀಸಿನ ಕಿಟಕಿಯಲ್ಲಿ ಟೈಮು ಬರೆದಿರುವ ಕಾಗದದ ಇನ್ನೊಂದು ಪ್ರತಿ ಕೊಡಿ, ಅಯ್ಯನವರಿಗೆ ತೋರಿಸಬೇಕು ಎಂದು ಕೇಳಿದ.

ಅಷ್ಟಕ್ಕೆ ಆಫೀಸು ನಡುಗಿತು. ಕೇರಿಯವನು ಕಾಗದ ಕೇಳುತ್ತಾನೆಂದರೆ ಹಿಂದೆ ಯಾರೋ ವಕೀಲನಿದ್ದಾನೆ ಎಂದುಕೊಂಡ ಅರುಣ್‌ಕುಮಾರ್. ಚಾರ್ಟು ತರಿಸಿ ನೋಡಿದ. ಎರಡು ಗಂಟೆಗೆ ಆರಾಮಾಗಿದ್ದ ಮುದುಕಿ ಅರ್ಧ ಗಂಟೆಯಲ್ಲಿ ಹೇಗೆ ಸತ್ತಳು? ಹೇಮಾಶ್ರೀಯನ್ನು ಕರೆಸಿದ. ಕಾಂತಮ್ಮ ಆಗಲೇ ಅಲ್ಲಿ ಕೂತಿದ್ದಳು. ಮೇಜಿನ ಮೇಲೆ ಹಳೆಯ ಚಾರ್ಟು, ಪಕ್ಕದಲ್ಲಿ ಒಂದು ಖಾಲಿ ಚಾರ್ಟು, ಅದರ ಮೇಲೆ ಪೆನ್ನು.

ಅರುಣ್‌ಕುಮಾರ್ ಗದರಲಿಲ್ಲ. ನಯವಾಗಿಯೇ ಹೇಳಿದ. ಹೊಸದಾಗಿ ಬರೆಯಬೇಕು. ಒಂದೂವರೆಯಿಂದ ನಾಡಿ ಇಳಿಯುತ್ತ ಬರಲಿ. ಡಾಕ್ಟರಿಗೆ ತಿಳಿಸಲಾಗಿದೆ ಎಂದು ಒಂದು ಸಾಲು. ಕೆಳಗೆ ಸಹಿ. ಹಳೆಯದನ್ನು ತಾನು ನೋಡಿಕೊಳ್ಳುತ್ತೇನೆ.

ಹೇಮಾಶ್ರೀ ಕಾಂತಮ್ಮನ ಮುಖ ನೋಡಿದಳು. ಅಡ್ವಾನ್ಸ್ ಹಾಕುವುದು ತಾನೇ ಕಲಿಸಿದ್ದು ಎಂದು ಈಗ ಹೇಳುತ್ತಾಳೆ ಎಂದುಕೊಂಡಳು.

"ನನ್ನ ಮುಖ ಏನ್ ನೋಡ್ತೀಯಾ?" ಅಂದಳು ಕಾಂತಮ್ಮ. "ಬರೆದೋಳು ನೀನು. ನಾನು ಹೇಳಿಕೊಟ್ಟೆ ಅಂತ ಎಲ್ಲಾದ್ರೂ ಬರೆದಿದ್ಯಾ? ನಂಗೆ ಇನ್ನು ನಾಲ್ಕು ವರ್ಷ ಸರ್ವೀಸ್ ಐತೆ ಕಣೇ. ಸುಮ್ನೆ ಬರೆದು ಕೊಡು."

"ಅಜ್ಜಿ ಹೋಗಿದ್ದು ಹನ್ನೆರಡರ ಆಸುಪಾಸಿಗೆ. ನೀವೂ ಕಣ್ಣಾರೆ ನೋಡಿದ್ರಿ."

"ನಿನ್ನ ಬೆರಳು ಹೇಳಿದ್ದು ಕೋರ್ಟಲ್ಲಿ ನಡೀತದಾ? ನಲವತ್ತೊಂದು ಹೆಣ ಕಟ್ಟಿದ್ದೀಯ. ನಲವತ್ತೆರಡನೇದು ಅನ್ಕೊಂಡು ಬಿಟ್ಟಾಕು."

ಆ ಲೆಕ್ಕ ಕಾಂತಮ್ಮನಿಗೂ ನೆನಪಿದೆ. ಹೇಮಾಶ್ರೀಗೆ ಆಗ ಹೊಳೆಯಿತು. ಹೆಣ ಕಟ್ಟಲು ಪ್ರತಿ ಸಲವೂ ಇಬ್ಬರು ಬೇಕಿತ್ತು. ಇನ್ನೊಬ್ಬಳು ಬೇಲೂರು ಕಡೆಯ ಹುಡುಗಿ. ಅವಳೂ ಕೇರಿಯವಳೇ. ಕ್ಲಾಸಿನಲ್ಲಿ ಮೂವತ್ತು ಜನರಿದ್ದರು. ಮೂರು ವರ್ಷದಲ್ಲಿ ಮೂರನೆಯವಳ ಹೆಸರು ಒಂದು ಸಲವೂ ಕೂಗಿರಲಿಲ್ಲ. ಅವರಿಬ್ಬರು ಹೆಣ ತೊಳೆಯುತ್ತಿದ್ದಾಗ ಉಳಿದ ಇಪ್ಪತ್ತೆಂಟು ಜನ ಡಾಕ್ಟರ ಹಿಂದೆ ನಿಂತು ಡ್ರಿಪ್ ಎಣಿಸುವುದನ್ನು ಅಷ್ಟೋ ಇಷ್ಟೋ ಕಲಿತರು.

"ಯಾವಾಗ್ಲೂ ನಮ್ಮಿಬ್ರನ್ನೇ ಯಾಕೆ ಕರೀತಿದ್ರಿ ಅಕ್ಕಾ?"

ಕಾಂತಮ್ಮನಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. ಅದರಲ್ಲಿ ಮುಚ್ಚುಮರೆ ಏನಿದೆ ಎಂಬಂತೆ ಹೇಳಿದಳು.

"ಬೇರೆ ಹುಡುಗೀರ ಮನೇವ್ರು ಒಪ್ತಿದ್ರಾ? ಬಂದು ಗಲಾಟೆ ಮಾಡೋರು. ನಿಮ್ಮಲ್ಲಾದ್ರೆ ನಡೀತದಲ್ಲ."

ಅಷ್ಟೇ. ಧೈರ್ಯ ಎಂದರೆ ಅದು. ಹೇಮಾಶ್ರೀಗೆ ಅಳು ಬರಲಿಲ್ಲ. ಅವ್ವನ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡದ್ದು ನೆನಪಾಗಿ ಮೈಯೆಲ್ಲ ಹೇಸಿಗೆಯಾಯಿತು. ನೀನು ಕೈ ಹಿಡ್ಕಂಡ್ರೆ ನಂಗೆ ಏನೂ ಆಗಾಕಿಲ್ಲ ಅಂದಿದ್ದಳು ಮುದುಕಿ. ಈ ಕೈಗೆ ಬದುಕಿದವರ ಕೆಲಸ ಕಲಿಸಿರಲಿಲ್ಲ. ಕಲಿಸದ ಕೈ ತೋರಿಸಿ ಇವಳು ಮುದುಕಿಯನ್ನು ಹಾಸನದ ದಾರಿಯಿಂದ ತಿರುಗಿಸಿ ಕರೆಸಿದ್ದಳು. ಆಸ್ಪತ್ರೆಯವರು ತನಗೆ ಮಾಡಿದ್ದನ್ನೇ ತಾನು ಮುದುಕಿಗೆ ಮಾಡಿದ್ದಳು.

ಪೆನ್ನು ತೆಗೆದುಕೊಂಡಳು. ಅರುಣ್‌ಕುಮಾರ್ ಖಾಲಿ ಚಾರ್ಟನ್ನು ಮುಂದೆ ಸರಿಸಿದ. ಅವಳು ಹಳೆಯದನ್ನು ಎಳೆದುಕೊಂಡಳು. ಎಪ್ಪತ್ತೆಂಟನ್ನು ಹೊಡೆದು ಹಾಕಲಿಲ್ಲ. ಅದು ಹಾಗೇ ಇರಲಿ. ಅದರ ಕೆಳಗೆ, ಖಾಲಿ ಇದ್ದ ಜಾಗದಲ್ಲಿ ಬರೆಯತೊಡಗಿದಳು. ಬರೆಯುವಾಗ ಅವರಿಬ್ಬರೂ ತಡೆಯಲಿಲ್ಲ. ಹಳೆಯದರಲ್ಲೇ ಸರಿಮಾಡುತ್ತಿದ್ದಾಳೆ, ಹುಡುಗಿ ದಾರಿಗೆ ಬಂದಳು ಎಂದುಕೊಂಡಿದ್ದರು. ಬರೆದು, ಸಹಿ ಹಾಕಿ, ನೋಂದಣಿ ಸಂಖ್ಯೆ ಹಾಕಿ, ಎದ್ದು ನಿಂತು ಫೋನಿನಲ್ಲಿ ಫೋಟೋ ತೆಗೆದಳು. ಆಮೇಲೆ ಅರುಣ್‌ಕುಮಾರ್ ಓದಿದ.

"ಏನಮ್ಮ ಇದು? ನಿನ್ನ ಕುತ್ತಿಗೆಗೆ ನೀನೇ ಹಗ್ಗ ಹಾಕ್ಕೊಂಡಿದ್ದೀಯಲ್ಲ. ನಿನ್ನ ನೋಂದಣಿ ಹೋಗುತ್ತೆ, ಗೊತ್ತಾ?"

"ಹೋಗ್ಲಿ ಸರ್. ಅದಕ್ಕೆ ಅಂತ ತೋರಿಸಿದ ಇಪ್ಪತ್ತು ಹೆರಿಗೇನೂ ಸುಳ್ಳೇ."

ಬುಧವಾರ ಬೆಳಿಗ್ಗೆ ಗಂಡಸಿ ಬಸ್ಸಿಳಿದು ಕೇರಿಗೆ ಬಂದಾಗ ರಾಮಣ್ಣನ ಮನೆ ಅಂಗಳಕ್ಕೆ ಬಂದಿತ್ತು. ಪಾತ್ರೆ, ಹಾಸಿಗೆ, ರಾಗಿ ಮೂಟೆ, ಗ್ಯಾಸ್ ಒಲೆ. ಹಸುವನ್ನು ಬೇರೆಯವರ ಹಿತ್ತಿಲಿಗೆ ಕಟ್ಟಿದ್ದರು. ಬಾಗಿಲ ಪಕ್ಕದಲ್ಲಿ ಕಡಿದು ತಂದ ಜಾಲಿಮುಳ್ಳಿನ ಕೊಂಬೆ ಬಿದ್ದಿತ್ತು. ಏಕಾಂತಯ್ಯ ಕೇರಿಯ ಬಾಯಿಯಲ್ಲೇ ಸ್ಕೂಟರು ನಿಲ್ಲಿಸಿ, ಇಳಿಯದೆ, ಅಲ್ಲಿಂದಲೇ ಹೇಳಬೇಕಾದ್ದನ್ನು ಹೇಳುತ್ತಿದ್ದ. ಇಪ್ಪತ್ತು ಮೂವತ್ತು ಜನ ಸೇರಿದ್ದರು.

ಹೇಮಾಶ್ರೀ ಅಂಗಳದ ನಡುವೆ ನಿಂತಳು.

"ರಾಮಣ್ಣ, ಮುಳ್ಳು ಹಾಕ್ಬ್ಯಾಡ. ಅಜ್ಜಿ ಹೋಗಿದ್ದು ಒಂದು ಗಂಟೆಗಿಂತ ಮುಂಚೆ. ನಾನು ನೋಡೋ ಹೊತ್ಗೆ ದವಡೆ ಬಿಗಿದಿತ್ತು."

ಎಲ್ಲರಿಗಿಂತ ಮೊದಲು ಏಕಾಂತಯ್ಯನಿಗೆ ಅರ್ಥವಾಯಿತು. ಹಾಗಾದರೆ ದೋಷವಿಲ್ಲ, ಮನೆ ಬಿಡಬೇಕಾಗಿಲ್ಲ ಎಂದು ಕೂಗಿ ಹೇಳಿ ಸ್ಕೂಟರು ತಿರುಗಿಸಿದ. ಅಂಗಳದಲ್ಲಿ ಜನ ಉಸಿರು ಬಿಟ್ಟರು. ರಾಮಣ್ಣನ ಹೆಂಡತಿ ಮಗುವನ್ನು ಸೊಂಟಕ್ಕೆ ಏರಿಸಿ, ಒಲೆ ಎತ್ತಿಕೊಂಡು ಒಳಗೆ ಹೋದಳು. ಯಾರೋ ಮುಳ್ಳಿನ ಕೊಂಬೆಯನ್ನು ಕಾಲಿನಿಂದ ಅತ್ತ ತಳ್ಳಿದರು.

ರಾಮಣ್ಣ ಮಾತ್ರ ಏನನ್ನೂ ಎತ್ತಲಿಲ್ಲ. ನಿಂತಲ್ಲೇ ನಿಂತಿದ್ದ.

"ಒಂದ್ಗಂಟೆಗಿಂತ ಮುಂಚೆ" ಅಂದ.

"ಹೂಂ ಅಣ್ಣ."

"ನೀನು ಎದೆ ಒತ್ತಿದ್ದು ಎರಡೂವರೆಗೆ."

ಹೇಮಾಶ್ರೀ ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ಅದೂ ಒಂದು ನಾಟಕವಾಗುತ್ತದೆ ಅನ್ನಿಸಿತು.

"ಅವಾಗ ಅಜ್ಜಿ ಇರ್ಲಿಲ್ಲ ಅಣ್ಣ. ನಂಗೆ ಗೊತ್ತಿತ್ತು."

"ನಾನು ನಿಂಗೆ ಕೈ ಮುಗಿದೆ."

ಅವನ ಧ್ವನಿ ಏರಲಿಲ್ಲ. ಅಂಗಳದಲ್ಲಿ ಪಾತ್ರೆ ಎತ್ತುತ್ತಿದ್ದವರು ಹಾಗೇ ನಿಂತರು. ಹೇಮಾಶ್ರೀಯ ಅವ್ವ ಜನರ ಹಿಂದೆ ನಿಂತಿದ್ದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಇದ್ನ ಬಾಯಲ್ಲಿ ಹೇಳ್ತೀಯೋ, ಎಲ್ಲಾದ್ರೂ ಬರೆದಿದ್ದೀಯೋ?" ಅಂದ ರಾಮಣ್ಣ.

ಹೇಮಾಶ್ರೀ ಫೋನು ತೆಗೆದು ಫೋಟೋ ತೋರಿಸಿದಳು. ಅವನಿಗೆ ಓದಲು ಬರುತ್ತಿರಲಿಲ್ಲ. ಸಣ್ಣ ಪರದೆಯಲ್ಲಿ ಇರುವೆ ಸಾಲಿನಂತಿದ್ದ ಅಕ್ಷರವನ್ನು ಅವನು ಬಹಳ ಹೊತ್ತು ನೋಡಿದ. ಆಮೇಲೆ ಫೋನನ್ನು ಅವಳ ಕೈಗೇ ಕೊಟ್ಟ. ಒಳಗೆ ಬಾ ಅನ್ನಲಿಲ್ಲ, ಕೂತ್ಕೋ ಅನ್ನಲಿಲ್ಲ.

"ಓದು. ಎಲ್ರಿಗೂ ಕೇಳಂಗೆ ಓದು. ಆಮೇಲೆ ಎಲ್ಲಿಗೆ ಹೋಗ್ಬೇಕೋ ಅಲ್ಲಿಗೆ ಹೋಗಾನ, ನೀನೂ ಬರ್ಬೇಕು. ನಿನ್ನ ಹೆಸ್ರೂ ಹೇಳ್ಬೇಕು."

ಬಿಸಿಲು ಪರದೆಯ ಮೇಲೆ ಬೀಳುತ್ತಿತ್ತು. ಹೇಮಾಶ್ರೀ ಅಂಗೈ ಅಡ್ಡ ಹಿಡಿದಳು. ನಾಡಿ ಹಿಡಿಯದೆ ನಾಡಿ ಬರೆದ ಕೈ. ಓದತೊಡಗಿದಳು.

"ಮೇಲಿನ ಮೂರು ಸಾಲೂ ಸುಳ್ಳು. ಬರೆದವಳು ಹೇಮಾಶ್ರೀ, ಸ್ಟಾಫ್ ನರ್ಸ್. ಸೋಮವಾರ ಬೆಳಿಗ್ಗೆ ಹತ್ತರಿಂದ ಎರಡು ಇಪ್ಪತ್ತರವರೆಗೆ ನಾನು ವಾರ್ಡಿನಲ್ಲಿ ಇರಲಿಲ್ಲ. ಶಾಲೆಯ ಕಟ್ಟಡದಲ್ಲಿ ಸೀರೆ ಉಟ್ಟು ಟೀಚರಾಗಿ ಕೂತಿದ್ದೆ..."

"ಇನ್ನೂ ಗಟ್ಟಿಯಾಗಿ" ಅಂದ ರಾಮಣ್ಣ.

ಅವಳು ಮೊದಲಿನಿಂದ ಶುರು ಮಾಡಿದಳು.